ಹೊಳೆಯಲ್ಲಿ ಇಳಿಯದೆ ಹೊಡೆದದ್ದು: ಮಲಪ್ರಭೆಯ ಕಡವುಗಳ ಸೈಕಲ್ ಶರ್ಯತ್ತು, ನನ್ನ ಅನುಭವ

ಮಲಪ್ರಭೆಯ ಕಡವುಗಳನ್ನು, ಅಂದರೆ ಹೊಳೆ ದಾಟುವ ಜಾಗಗಳನ್ನು, ಸೈಕಲ್ಲಿನಿಂದ ಇಳಿಯದೆ, ಹೆಗಲಿಗೆ ಏರಿಸದೆ, ಪೆಡಲು ತುಳಿದುಕೊಂಡೇ ದಾಟಬಹುದು ಎಂದು ನಾನು ಹೇಳಿದಾಗ ನಮ್ಮ ಭಾಗದ ಶರ್ಯತ್ತಿನವರಲ್ಲಿ, ಅಂದರೆ ಸೈಕಲ್ ಪಂದ್ಯದವರಲ್ಲಿ, ಒಬ್ಬರೂ ನಂಬಲಿಲ್ಲ. ಹೊಳೆ ಬಂದರೆ ಇಳಿಯಬೇಕು, ಸೈಕಲ್ ಹೊತ್ತು ಓಡಬೇಕು, ಆಚೆ ದಡದಲ್ಲಿ ಮತ್ತೆ ಏರಬೇಕು ಎಂಬುದೇ ಅಲ್ಲಿಯವರೆಗೆ ನಡೆದುಬಂದ ಕ್ರಮವಾಗಿತ್ತು. ಹೆಗಲು ಗಟ್ಟಿಯಿದ್ದವನೇ ಗೆಲ್ಲುತ್ತಿದ್ದ. ಆರೂ ಕಡವುಗಳನ್ನು ತುಳಿದೇ ದಾಟಿ ಬಹುಮಾನದ ಢಾಲನ್ನು ಮನೆಗೆ ತಂದವರಲ್ಲಿ ನಾನೇ ಮೊದಲಿಗ. ಶರ್ಯತ್ತು ನಿಂತು ಇಪ್ಪತ್ತು ವರ್ಷಗಳ ಮೇಲಾಯಿತು. ಈಚೆಗೆ ಗೇರ್ ಸೈಕಲ್ಲಿನ ಹುಡುಗರು ನನ್ನ ಸೈಕಲ್ ಅಂಗಡಿಗೆ ಬಂದು ಅದನ್ನು ಹೇಗೆ ಮಾಡಿದಿರಿ ಎಂದು ಕೇಳುತ್ತಿರುವುದರಿಂದ ನೆನಪಿರುವಷ್ಟನ್ನು ಬರೆದಿಡುತ್ತಿದ್ದೇನೆ. ಕೋನು, ಕಪ್ಪು, ಕಾಟರ್ ಪಿನ್ನು ಮುಂತಾದ ಸೈಕಲ್ಲಿನ ಭಾಗಗಳು ಎಂದರೆ ಏನೆಂದು ಬಲ್ಲವರಿಗಾಗಿ ಬರೆದದ್ದು ಇದು. ಅವುಗಳ ವಿವರಣೆಗೆ ಹೆಚ್ಚು ಹೋಗುವುದಿಲ್ಲ.

ನಮ್ಮದು ಪಟ್ಟದಕಲ್ಲಿನಿಂದ ಐಹೊಳೆಯ ಕಡೆಗೆ ಹೋಗುವ ಹೊಳೆಸಾಲಿನ ಊರು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಬರುವ ಮಲಪ್ರಭೆಯ ನೀರಿನ ಬಹುಪಾಲು ಸವದತ್ತಿ ಬಳಿಯ ನವಿಲುತೀರ್ಥದ ಅಣೆಕಟ್ಟಿನಲ್ಲಿಯೇ ನಿಂತು ಕಾಲುವೆಗಳಿಗೆ ಹೋಗುತ್ತದೆ. 1970ರ ದಶಕದಲ್ಲಿ ಆ ಅಣೆಕಟ್ಟು ಬಳಕೆಗೆ ಬಂದ ಮೇಲೆ, ಹಿಂಗಾರಿಯ ಜೋಳ ಕೊಯ್ಯುವ ಹೊತ್ತಿಗೆ ನಮ್ಮ ಕಡೆ ಹೊಳೆಯಲ್ಲಿ ಉಳಿಯುತ್ತಿದ್ದುದು ಅಗಲವಾದ ಉಸುಕಿನ ಹಾಸು ಮತ್ತು ಅದರ ನಡುವೆ ಒಂದು ಗೇಣಿನಿಂದ ಎರಡು ಗೇಣು ಆಳದ ನೀರು. ನಮ್ಮೂರ ಜಾತ್ರೆಯೂ ಅದೇ ಹೊತ್ತಿಗೆ ಬರುತ್ತಿದ್ದುದರಿಂದ ಊರಿನ ತರುಣರು ಹೊಳೆಯನ್ನೇ ಶರ್ಯತ್ತಿನ ದಾರಿಯಲ್ಲಿ ಸೇರಿಸಿಕೊಂಡರು. ಹೋಗಿ ಬರುವ ದಾರಿ ಸುಮಾರು 32 ಕಿಲೋಮೀಟರು. ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ ಹೊಳೆ ದಾಟಬೇಕು. ನಡುವೆ ಎರೆ ಹೊಲಗಳ ಗಾಡಿದಾರಿ, ಮಸಾರಿ ದಿಬ್ಬ, ಸ್ವಲ್ಪ ಡಾಂಬರು. ಒಂದು ಚೈನು, ಒಂದು ಫ್ರೀವೀಲು (ಹಿಂದಿನ ಗಾಲಿಯ ಹಲ್ಲಿನ ಚಕ್ರ), ಮಾಮೂಲಿ ಇಪ್ಪತ್ತೆಂಟು ಇಂಚಿನ ಗಾಲಿ, ಇಷ್ಟೇ ನಿಯಮ. ಗೇರ್ ಸೈಕಲ್ಲಿಗೆ ಅವಕಾಶವಿರಲಿಲ್ಲ. ವರ್ಷಕ್ಕೆ ನಲವತ್ತು ಐವತ್ತು ಮಂದಿ ಹೆಸರು ಬರೆಸುತ್ತಿದ್ದರು, ಬಾದಾಮಿ, ಹುನಗುಂದ, ರೋಣದ ಕಡೆಯಿಂದಲೂ ಬರುತ್ತಿದ್ದರು.

ನನ್ನ ಲೆಕ್ಕ ಸರಳವಾಗಿತ್ತು. ಸ್ಟ್ಯಾಂಡು, ಕ್ಯಾರಿಯರು, ಚೈನ್ ಕವರು ಎಲ್ಲವನ್ನೂ ತೆಗೆದರೂ ನಮ್ಮ ಸೈಕಲ್ಲು ಹದಿನೇಳು ಹದಿನೆಂಟು ಕಿಲೋ ತೂಗುತ್ತದೆ. ಅದನ್ನು ಹೆಗಲಿಗೇರಿಸಿ, ಕಾಲು ಹೂಳುವ ಉಸುಕಿನಲ್ಲಿ, ಎದುರಿಗೆ ನೀರು ತಳ್ಳುತ್ತಿರುವಾಗ ಎಪ್ಪತ್ತು ಎಂಬತ್ತು ಮೀಟರು ಓಡಿ ಮತ್ತೆ ಹತ್ತಲು ಒಂದೂವರೆ ಎರಡು ನಿಮಿಷ ಬೇಕು. ಅಷ್ಟೇ ಅಗಲವನ್ನು ನಿಧಾನವಾಗಿ ತುಳಿದು ದಾಟಿದರೂ ಮುಕ್ಕಾಲು ನಿಮಿಷ ಸಾಕು. ಇದಕ್ಕಿಂತ ದೊಡ್ಡ ನಷ್ಟ ಆಮೇಲಿನದು: ಹೊತ್ತು ಓಡಿದವನ ಉಸಿರು ತಿರುಗಲು ಮುಂದಿನ ಎರಡು ಮೂರು ಫರ್ಲಾಂಗು ಹಿಡಿಯುತ್ತದೆ, ಅಷ್ಟು ದೂರ ಅವನ ತೊಡೆ ಮಾತು ಕೇಳುವುದಿಲ್ಲ. ಆರು ಕಡವಿಗೆ ಒಟ್ಟು ಐದಾರು ನಿಮಿಷದ ಲಾಭ ಎಂದು ನಾನು ಹೇಳುತ್ತಿದ್ದೆ. ಒಂದು ಗಂಟೆ ನಲವತ್ತು ನಿಮಿಷದ ಆಸುಪಾಸಿನ ಶರ್ಯತ್ತಿನಲ್ಲಿ ಗೆದ್ದವನಿಗೂ ಎರಡನೆಯವನಿಗೂ ಅರ್ಧ ನಿಮಿಷದ ಅಂತರವಿರುತ್ತಿದ್ದಾಗ ಇದು ಸಣ್ಣ ಮಾತಾಗಿರಲಿಲ್ಲ. "ಗಾಡಿ ಹುಗಿಯೋ ಜಾಗದಾಗ ಸೈಕಲ್ ಹೊಡೀತಾನಂತ" ಎಂದು ಹಿರಿಯರೊಬ್ಬರು ಅಂಗಡಿಯ ಮುಂದೆ ನಿಂತು ಹೇಳಿದ್ದು ಇನ್ನೂ ನೆನಪಿದೆ. ಅವರು ತಮ್ಮ ಕಾಲದಲ್ಲಿ ನಾಲ್ಕೈದು ಸಲ ಗೆದ್ದವರು, ಆದ್ದರಿಂದ ಊರು ಅವರ ಮಾತನ್ನು ನಂಬಿತು.

ಮೊದಲ ವರ್ಷಗಳ ಪ್ರಯತ್ನಗಳೆಲ್ಲ ನೀರುಪಾಲಾದವು. ರಭಸದಿಂದ ಬಂದು ನೀರಿಗೆ ನುಗ್ಗಿದರೆ ಆ ರಭಸವೇ ಆಚೆ ದಡಕ್ಕೆ ಒಯ್ಯುತ್ತದೆ ಎಂದು ಎಲ್ಲರಿಗೂ ಅನಿಸುತ್ತದೆ, ನನಗೂ ಹಾಗೇ ಅನಿಸಿತ್ತು. ಹಾಗಾಗುವುದಿಲ್ಲ. ಮುಂದಿನ ಗಾಲಿ ನೀರಿಗೆ ಬಿದ್ದ ಎರಡು ಮಾರಿನೊಳಗೆ ವೇಗವೆಲ್ಲ ಇಳಿದುಹೋಗುತ್ತದೆ. ಮೈ ಮಾತ್ರ ಹಿಂದಿನ ವೇಗದಲ್ಲಿಯೇ ಇರುವುದರಿಂದ ಭಾರವೆಲ್ಲ ಹ್ಯಾಂಡಲಿನ ಮೇಲೆ ಬಿದ್ದು ಮುಂದಿನ ಗಾಲಿ ಉಸುಕಿನಲ್ಲಿ ಕುಸಿಯುತ್ತದೆ. ನೀರಿಗೆ ಇಳಿಯುವ ಮೊದಲೇ ವೇಗವನ್ನು ನಡಿಗೆಯ ಎರಡು ಪಟ್ಟಿಗೆ ಇಳಿಸಿಕೊಳ್ಳಬೇಕು, ಭಾರವನ್ನು ಸೀಟಿನ ಹಿಂಭಾಗಕ್ಕೆ ಸರಿಸಬೇಕು, ಆಮೇಲೆ ಒಂದೇ ಸಮನೆ, ಎಲ್ಲಿಯೂ ನಿಲ್ಲಿಸದೆ, ಪೆಡಲು ತಿರುಗಿಸುತ್ತಲೇ ಇರಬೇಕು. ಈ ಮೂರನ್ನು ಕಾಲಿಗೆ ಕಲಿಸುವುದಕ್ಕೆ ಎರಡು ಬೇಸಿಗೆಗಳು ಹೋದವು. ಜಾತ್ರೆ ಮುಗಿದ ಮೇಲೂ, ಹೊಳೆ ಪೂರ್ತಿ ಬತ್ತುವವರೆಗೆ, ಅಂಗಡಿ ಮುಚ್ಚಿದ ಮೇಲೆ ಸಂಜೆ ಹೋಗಿ ಅಭ್ಯಾಸ ಮಾಡುತ್ತಿದ್ದೆ.

ಒಂದೇ ಸಮನೆ ತಿರುಗಿಸಬೇಕಾದರೆ ಫ್ರೀವೀಲು ದೊಡ್ಡದಿರಬೇಕು. ಅಂಗಡಿಯಿಂದ ಬಂದ ಸೈಕಲ್ಲಿನಲ್ಲಿ ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇತ್ತು. ವೇಗದ ಆಸೆಯಿಂದ ಉಳಿದವರು 16ಕ್ಕೆ ಇಳಿದಿದ್ದರು. ನಾನು 22 ಹಾಕಿದೆ. ಹೊಳೆಯಲ್ಲಿ ಅದು ಬಹಳ ಚೆನ್ನಾಗಿ ನಡೆಯಿತು, ಆದರೆ ಒಂದು ತುಳಿತಕ್ಕೆ ನಾಲ್ಕೂವರೆ ಮೀಟರಿಗಿಂತ ಕಡಿಮೆ ಸಾಗುತ್ತಿದ್ದುದರಿಂದ ಡಾಂಬರಿನ ಮೇಲೆ ಎಷ್ಟು ಬೇಗ ತುಳಿದರೂ ಗಂಟೆಗೆ 24 ಕಿಲೋಮೀಟರು ದಾಟುತ್ತಿರಲಿಲ್ಲ. 16ರವರು ನಗುತ್ತಲೇ ಮುಂದೆ ಹೋದರು. ಆ ವರ್ಷ ನಾನು ಮೂರು ಕಡವುಗಳನ್ನು ತುಳಿದು ದಾಟಿದ್ದೆ, ಆದರೂ ಹತ್ತರೊಳಗೆ ಬರಲಿಲ್ಲ. ಅದಕ್ಕಾಗಿಯೇ ಹಿಂದಿನ ಗಾಲಿಯ ನಡುವಿನ ಹಬ್ಬಿನ ಎರಡೂ ಬದಿಗೆ ಒಂದೊಂದು ಫ್ರೀವೀಲು ಕೂರಿಸಿ, ಗಾಲಿಯನ್ನು ತಿರುಗಿಸಿ ಹಾಕಿಕೊಳ್ಳುವ ಪ್ರಯೋಗವನ್ನೂ ಮಾಡಿದೆ. ಲೇತಿನಲ್ಲಿ ಆ ಹಬ್ಬನ್ನು ಕೊರೆಸಲು ನಲವತ್ತು ರೂಪಾಯಿಯ ಮೇಲೆ ಕೊಟ್ಟೆ. ಒಂದು ಸಲ ಗಾಲಿ ಬಿಚ್ಚಿ ತಿರುಗಿಸಿ ನಟ್ಟು ಬಿಗಿಯಲು ಎರಡೂವರೆ ನಿಮಿಷ ಬೇಕಾದ್ದರಿಂದ ಗಳಿಸಿದ್ದೆಲ್ಲ ಅಲ್ಲಿಯೇ ಹೋಗುತ್ತಿತ್ತು, ಆ ದಾರಿಯನ್ನು ಬಿಟ್ಟೆ. ಕೊನೆಗೆ 20 ಹಲ್ಲಿಗೆ ಬಂದು ನಿಂತೆ. ಹೊಳೆಯಲ್ಲಿ ತೊಡೆಗೆ ಸ್ವಲ್ಪ ಕಷ್ಟ, ಡಾಂಬರಿನಲ್ಲಿ ಸ್ವಲ್ಪ ನಷ್ಟ, ಆದರೆ ಗಾಡಿದಾರಿಯಲ್ಲಿ 20ರವನನ್ನು 16ರವನು ಹಿಂದೆ ಹಾಕಲಾರ.

ಟೈರಿನ ಕಥೆ ಹಣ ನುಂಗಿದ ಕಥೆ. ಗಾಳಿ ಕಡಿಮೆಯಿದ್ದರೆ ಟೈರು ಉಸುಕಿನ ಮೇಲೆ ಅಗಲವಾಗಿ ಕೂತು ಹೂಳುವುದಿಲ್ಲ ಎಂಬುದು ಟ್ರ್ಯಾಕ್ಟರ್ ಓಡಿಸಿದವರೆಲ್ಲ ಬಲ್ಲ ವಿಷಯ. ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ತಗ್ಗುವಷ್ಟು ಗಾಳಿ ಇಟ್ಟುಕೊಂಡು ಹೋದೆ. ಉಸುಕಿನಲ್ಲಿ ಗಾಲಿ ತೇಲಿದಂತೆ ಹೋಯಿತು, ಆದರೆ ದಡ ಹತ್ತುವಾಗ ಜೋರಾಗಿ ತುಳಿದ ಕೂಡಲೇ ಟೈರು ರಿಮ್ಮಿನ ಮೇಲೆ ಜಾರಿ, ಟ್ಯೂಬನ್ನೂ ಎಳೆದುಕೊಂಡು, ವಾಲ್ವಿನ ಬುಡವನ್ನೇ ಕಿತ್ತುಹಾಕಿತು. ಒಂದೇ ಋತುವಿನಲ್ಲಿ ಹಾಗೆ ಕಳೆದುಕೊಂಡ ಟ್ಯೂಬುಗಳ ಬೆಲೆಯಲ್ಲಿ ಎರಡು ಹೊಸ ಟೈರು ಬರುತ್ತಿದ್ದವು. ವಾಲ್ವಿನ ಬುಡಕ್ಕೆ ತೊಗಲಿನ ವಾಶರು ಹಾಕಿದೆ, ವಾಲ್ವಿನ ನಟ್ಟನ್ನು ಸಡಿಲ ಬಿಟ್ಟೆ, ಟೈರಿನ ಅಂಚಿಗೆ ಸೈಕಲ್ ಸೊಲ್ಯೂಶನ್ ಬಳಿದೆ. ಯಾವುದೂ ಎರಡನೆಯ ದಡದಾಚೆಗೆ ಬಾಳಲಿಲ್ಲ. ಕೊನೆಗೆ ರಿಮ್ಮಿನ ಒಳಗಿನ ಅಂಚನ್ನು ಅರದಿಂದ ಒರಟು ಮಾಡಿ, ಬಡಗಿಗಳು ಬಳಸುವ ರಾಳಕ್ಕೆ ಮತ್ತೊಂದನ್ನು ಬೆರೆಸಿ ಕಾಯಿಸಿ ಬಳಿದಾಗ ಟೈರು ಅಲುಗಲಿಲ್ಲ. ಆ ಮತ್ತೊಂದು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಅದರಿಂದ ನನಗೆ ಇಂದಿಗೂ ನಾಲ್ಕು ಕಾಸಿನ ಕೆಲಸ ಸಿಗುತ್ತದೆ.

ಗಾಳಿ ಕಡಿಮೆಯಿಟ್ಟರೆ ಜಾಲಿ ಮುಳ್ಳಿನ ಕಾಟವೂ ಹೆಚ್ಚುತ್ತದೆ. ಹೊಳೆಯ ದಂಡೆ ಎಂದರೆ ಜಾಲಿ, ಬಳ್ಳಾರಿ ಜಾಲಿ. ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿನ ಒಳಗೆ ಹಾಸುವುದು ಎಲ್ಲರೂ ಮಾಡುವುದೇ. ನಾನು ಅದರ ಬದಲು ಗೋಣಿಚೀಲದ ಪಟ್ಟಿಯನ್ನು ಹಾಸಿ ನೋಡಿದೆ, ಹಗುರವಾಗಬಹುದೆಂದು. ನೀರು ಒಳಗೆ ಹೋದ ಮೇಲೆ ಅದು ಉಬ್ಬಿ ಗಂಟು ಕಟ್ಟಿ ಗಾಲಿ ಕುಪ್ಪಳಿಸತೊಡಗಿತು. ದಪ್ಪ ಖಾದಿಯ ಪಟ್ಟಿಯೂ ಹಾಗೇ. ಕೊನೆಗೆ ಹಳೆಯ ಟ್ಯೂಬಿಗೇ ಮರಳಿದೆ, ಆದರೆ ಹಿಂದಿನ ಗಾಲಿಗೆ ಮಾತ್ರ. ಮುಂದಿನ ಗಾಲಿಯ ಮೇಲೆ ಭಾರ ಕಡಿಮೆಯಿರುವುದರಿಂದ ಅದಕ್ಕೆ ಬೇಕಾಗಲಿಲ್ಲ.

ಇನ್ನು ಚೈನು. ನಮ್ಮಲ್ಲಿ ಎತ್ತಿನ ಗಾಡಿಗೆ ಹಾಕುವ ಕೀಲೆಣ್ಣೆ ನೀರಿಗೆ ಹೋಗುವುದಿಲ್ಲ ಎಂಬ ನಂಬಿಕೆಯಿಂದ ಅದನ್ನೇ ಚೈನಿಗೆ ಹಚ್ಚಿ ನೋಡಿದೆ. ನಿಜವಾಗಿಯೂ ನೀರಿಗೆ ಹೋಗಲಿಲ್ಲ, ಆದರೆ ಹೊಳೆಯ ಸಣ್ಣ ಉಸುಕನ್ನೆಲ್ಲ ಅಂಟಿಸಿಕೊಂಡಿತು. ಎರಡನೆಯ ಕಡವಿನ ಆಚೆ ಚೈನು ಹಲ್ಲುಗಳ ಮೇಲೆ ಹಾರತೊಡಗಿ, ಮೂರನೆಯದರಲ್ಲಿ ಕಳಚಿಯೇ ಬಿತ್ತು. ಟ್ರ್ಯಾಕ್ಟರಿನ ಗ್ರೀಸು ಇನ್ನೂ ಕೆಟ್ಟದು. ಮಶೀನಿನ ಎಣ್ಣೆ ಮೊದಲ ಕಡವಿನಲ್ಲಿಯೇ ತೊಳೆದುಹೋಯಿತು. ಆಗ ಮೇಣವನ್ನು ಹಿಡಿದೆ. ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ, ಡಬ್ಬಿಯಲ್ಲಿ ಮೇಣದಬತ್ತಿಯನ್ನೂ ಜೇನುಮೇಣವನ್ನೂ ಕರಗಿಸಿ, ಅದರಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಲ್ಲುವವರೆಗೆ ಬಿಡಬೇಕು. ಹೊರಗೆ ತೆಗೆದ ಮೇಲೆ ಚೈನು ಕೋಲಿನ ಹಾಗೆ ಸೆಟೆದು ನಿಲ್ಲುತ್ತದೆ. ಕೈಯಲ್ಲಿ ಒಂದೊಂದೇ ಕೊಂಡಿಯನ್ನು ಮುರಿದು ಸಡಿಲಿಸಬೇಕು. ಆಮೇಲೆ ಅದು ಮುಟ್ಟಿದರೆ ಕೈಗೆ ಅಂಟುವುದಿಲ್ಲ, ಉಸುಕೂ ಅದಕ್ಕೆ ಅಂಟುವುದಿಲ್ಲ. ಆರು ಕಡವಿಗೆ ಅದು ಸಾಕಾಗುತ್ತದೆ, ಏಳನೆಯದಿದ್ದರೆ ಅನುಮಾನ. ಎರಡು ಮೇಣಗಳ ಪಾಲು ಎಷ್ಟೆಂಬುದನ್ನು ನನ್ನ ಮಗನಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಚೈನಿಗೆ ಮೇಣ ಹಾಕುತ್ತಾನೆ ಎಂದು ಪೇಟೆಯ ಸೈಕಲ್ ಮೇಸ್ತ್ರಿಗಳು ಆಗ ತಲೆ ಅಲ್ಲಾಡಿಸಿದ್ದರು. ಈಗ ದೊಡ್ಡ ದೊಡ್ಡ ಶರ್ಯತ್ತಿನವರು ಅದನ್ನೇ ಮಾಡುತ್ತಾರೆಂದು ಹುಡುಗರು ಮೊಬೈಲಿನಲ್ಲಿ ತೋರಿಸುತ್ತಾರೆ.

ಫ್ರೀವೀಲಿನ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ನೀರು ಹೋಗಬಾರದೆಂದು ಅದರೊಳಗೆ ಗಟ್ಟಿ ಗ್ರೀಸು ತುಂಬಿದರೆ ಒಳಗಿನ ಕುತ್ತಿ, ಅಂದರೆ ಹಲ್ಲಿಗೆ ಸಿಕ್ಕುವ ಸಣ್ಣ ನಾಲಿಗೆ, ಅಂಟಿಕೊಂಡು ಹಲ್ಲು ಹಿಡಿಯುವುದಿಲ್ಲ, ಪೆಡಲು ಎರಡೂ ಕಡೆಗೆ ಖಾಲಿ ತಿರುಗುತ್ತದೆ. ನಡು ಹೊಳೆಯಲ್ಲಿ ನನಗೆ ಹಾಗಾಗಿದೆ. ಫ್ರೀವೀಲಿಗೆ ತೆಳು ಎಣ್ಣೆಯೇ ಸರಿ. ನೀರು ಹೋಗಲಿ, ಅದೇ ದಿನ ರಾತ್ರಿ ಬಿಚ್ಚಿ ತೊಳೆದರಾಯಿತು. ಪೆಡಲುಗಳ ಎಕ್ಸೆಲ್ಲು ತಿರುಗುವ ಬಾಟಮ್ ಬ್ರಾಕೆಟ್ಟಿಗೆ ಮಾತ್ರ ಗ್ರೀಸನ್ನು ಹೊರಗೆ ಉಕ್ಕುವಷ್ಟು ತುಂಬಿ, ಎಕ್ಸೆಲ್ಲಿನ ಎರಡೂ ಕಡೆ ಗುಂಡುಗಳು ಕೂರುವ ಕಪ್ಪಿನ ಬಾಯಿಗೆ ಮೇಣದಲ್ಲಿ ಅದ್ದಿದ ಹತ್ತಿಯ ಹುರಿಯನ್ನು ಸುತ್ತುತ್ತಿದ್ದೆ. ಅದಕ್ಕೂ ಮೊದಲು ಒಂದು ವರ್ಷ ಕಾಲಿಂಚಿನ ಗುಂಡುಗಳು ಉಸುಕಿನೊಂದಿಗೆ ಅರೆದು ಕಪ್ಪಿನಲ್ಲಿ ಗೀರು ಬಿದ್ದು, ಕಪ್ಪು, ಎಕ್ಸೆಲ್ಲು, ಗುಂಡು, ಕಾಟರ್ ಪಿನ್ನು ಎಲ್ಲವನ್ನೂ ಹೊಸದಾಗಿ ಹಾಕಬೇಕಾಯಿತು.

ಪೆಡಲಿನ ರಬ್ಬರು ನೆನೆದರೆ ಬರಿಗಾಲು ಜಾರುತ್ತದೆ. ಅದಕ್ಕೆ ಪುಂಡಿ ನಾರಿನ ಹುರಿಯನ್ನು ಒತ್ತಾಗಿ ಸುತ್ತಿದೆ, ನೆನೆದಷ್ಟೂ ಅದು ಕಾಲನ್ನು ಹಿಡಿಯುತ್ತದೆ. ಇದರಲ್ಲಿ ಗುಟ್ಟೇನೂ ಇಲ್ಲ, ಖರ್ಚೂ ಇಲ್ಲ. ಬ್ರೇಕಿನ ಪ್ರಯೋಗ ಮಾತ್ರ ನನಗೆ ಬಹಳ ಪ್ರಿಯವಾದದ್ದು. ಹೊಳೆಯಿಂದ ಹೊರಬಂದ ಮೇಲೆ ಕ್ರೋಮಿನ ರಿಮ್ಮು ಒದ್ದೆಯಾಗಿರುವುದರಿಂದ ರಬ್ಬರಿನ ಬ್ರೇಕು ಏನು ಹಿಡಿದರೂ ಹಿಡಿಯುವುದಿಲ್ಲ, ಮೂರನೆಯ ಕಡವಿನ ನಂತರ ಇಳಿಜಾರಿನಲ್ಲಿ ಅದರಿಂದಲೇ ಒಂದಿಬ್ಬರು ಪ್ರತಿ ವರ್ಷ ಮುಳ್ಳಿನ ಬೇಲಿಗೆ ಬೀಳುತ್ತಿದ್ದರು. ಚಪ್ಪಲಿಯ ಅಟ್ಟೆಗೆ ಬಳಸುವ ದಪ್ಪ ತೊಗಲನ್ನು ಬ್ರೇಕಿನ ಕಟ್ಟೆಯ ಅಳತೆಗೆ ಕೊಯ್ದು, ರಬ್ಬರಿನ ಜಾಗದಲ್ಲಿ ಕೂರಿಸಿ ರಿವೆಟ್ ಹೊಡೆದೆ. ಒಣಗಿದ ರಿಮ್ಮಿನ ಮೇಲೆ ಅದು ಕಿರುಗುಟ್ಟುತ್ತದೆ, ಬೇಗ ಸವೆಯುತ್ತದೆ; ಒದ್ದೆ ರಿಮ್ಮಿನ ಮೇಲೆ ರಬ್ಬರಿಗಿಂತ ಎಷ್ಟೋ ಚೆನ್ನಾಗಿ ಹಿಡಿಯುತ್ತದೆ. ಎರಡು ಜೊತೆ ತೊಗಲಿಗೆ ಐದು ರೂಪಾಯಿಯೂ ಆಗಲಿಲ್ಲ. ಮುಂದೆ ಮಳೆಗಾಲದಲ್ಲಿ ಹಾಲು ಹಾಕುವವರ ಸೈಕಲ್ಲುಗಳಿಗೆಲ್ಲ ಅದನ್ನೇ ಹಾಕಿಕೊಟ್ಟೆ.

ಶರ್ಯತ್ತಿಗೆ ಸಂಬಂಧವಿಲ್ಲದಂತೆ ಕಂಡರೂ ಸೋರೆಬುರುಡೆಯ ಪ್ರಯೋಗವನ್ನೂ ಹೇಳಬೇಕು. ನಮ್ಮ ಕಡೆ ಹುಡುಗರು ಈಜು ಕಲಿಯುವಾಗ ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದರು. ಆಳದ ಕಡವಿನಲ್ಲಿ ಸೈಕಲ್ಲು ಹಗುರವಾಗಲಿ ಎಂದು ಹಿಂದಿನ ಗಾಲಿಯ ಎರಡೂ ಕಡೆಗೆ ಒಂದೊಂದು ದೊಡ್ಡ ಬುರುಡೆಯನ್ನು ಕಟ್ಟಿದೆ. ಸೈಕಲ್ಲು ಹಗುರವಾಯಿತು, ಆದರೆ ಹಗುರವಾದ ಹಿಂದಿನ ಗಾಲಿಗೆ ನೆಲದ ಹಿಡಿತವೇ ತಪ್ಪಿ ಬರೀ ತಿರುಗತೊಡಗಿತು, ಹರಿವು ಬುರುಡೆಗಳನ್ನು ತಳ್ಳಿ ಸೈಕಲ್ಲನ್ನು ಅಡ್ಡ ತಿರುಗಿಸಿತು. ಹೊಳೆಯಲ್ಲಿ ಬೇಕಾದದ್ದು ಹಗುರವಲ್ಲ, ಹಿಂದಿನ ಗಾಲಿಯ ಮೇಲೆ ಭಾರ ಎಂಬುದು ಆ ದಿನ ಖಚಿತವಾಯಿತು. ಸೀಟನ್ನು ಒಂದೂವರೆ ಇಂಚು ಹಿಂದಕ್ಕೆ ಸರಿಸಿದ್ದು ಅದರ ನಂತರವೇ, ಕಡವಿನಲ್ಲಿ ಅದರ ಗುಣ ತಕ್ಷಣ ಗೊತ್ತಾಯಿತು.

ಆದರೆ ಸೈಕಲ್ಲನ್ನು ಎಷ್ಟೇ ತಿದ್ದಿದರೂ ನೀರಿನಲ್ಲಿ ಹೋಗಬೇಕಾದ ಸಾಲು ಗೊತ್ತಿಲ್ಲದಿದ್ದರೆ ಎಲ್ಲವೂ ವ್ಯರ್ಥ. ನೀರಿನ ಮೇಲ್ಮೈಯನ್ನು ಓದುವುದನ್ನು ನಾನು ಗಾಡಿ ಹೊಡೆಯುವವರಿಂದ ಕಲಿತೆ. ಎಲ್ಲಿ ನೀರು ಸಣ್ಣ ಸಣ್ಣ ತೆರೆಯಾಗಿ, ಸದ್ದು ಮಾಡುತ್ತಾ, ಅಗಲಕ್ಕೆ ಹರಡಿಕೊಂಡು ಹರಿಯುತ್ತದೋ ಅಲ್ಲಿ ತಳದಲ್ಲಿ ಹರಳುಗಲ್ಲು ಇರುತ್ತದೆ, ಆಳ ಕಡಿಮೆ. ಎಲ್ಲಿ ನೀರು ಸದ್ದಿಲ್ಲದೆ ನುಣ್ಣಗೆ ಸರಿಯುತ್ತದೋ ಅಲ್ಲಿ ಆಳವಿರುತ್ತದೆ, ಇಲ್ಲವೇ ತಳದಲ್ಲಿ ಮೆತ್ತನೆಯ ಉಸುಕಿರುತ್ತದೆ. ಹೊರುವವರು ಯಾವಾಗಲೂ ನೇರವಾದ, ಕಿರಿದಾದ ಜಾಗವನ್ನು ಹುಡುಕುತ್ತಿದ್ದರು. ಕಿರಿದಾದ ಜಾಗದಲ್ಲಿಯೇ ಹೊಳೆ ಆಳ. ತುಳಿಯುವವನು ಅಗಲವಾದ ಜಾಗವನ್ನು ಹುಡುಕಬೇಕು. ದೂರ ಒಂದೂವರೆ ಪಟ್ಟಾದರೂ ಆಳ ಒಂದೂವರೆ ಗೇಣನ್ನು, ಅಂದರೆ ಹಬ್ಬಿನ ಎತ್ತರವನ್ನು, ಮೀರುವುದಿಲ್ಲ. ಗಾಲಿಗೆ ಕಬ್ಬಿಣದ ಹಳಿ ಹಾಕಿದ ಎತ್ತಿನ ಗಾಡಿಗಳು ತಲೆತಲಾಂತರದಿಂದ ದಾಟಿದ ಜಾಡಿನಲ್ಲಿ ಹರಳುಗಲ್ಲು ಒತ್ತಿಕೊಂಡು ಗಟ್ಟಿಯಾಗಿರುತ್ತದೆ. ಜಾಡಿನ ತಗ್ಗಿನಲ್ಲಿ ಹೋದರೆ ಗಾಲಿ ಸಿಕ್ಕಿಕೊಳ್ಳುತ್ತದೆ. ಎರಡು ಜಾಡುಗಳ ನಡುವಿನ ದಿಂಡಿನ ಮೇಲೆ, ಎತ್ತುಗಳು ತುಳಿದ ಜಾಗದಲ್ಲಿ ಹೋಗಬೇಕು. ಗಾಡಿಗಳು ಹರಿವಿನ ಜೊತೆಗೆ ಓರೆಯಾಗಿ ಇಳಿದು ದಾಟುತ್ತವೆ. ಸೈಕಲ್ಲಿಗೂ ಅದೇ ಸರಿ, ಏಕೆಂದರೆ ನೇರ ಅಡ್ಡ ಹೋದರೆ ಹರಿವು ಗಾಲಿಯ ಕಡ್ಡಿಗಳನ್ನು ಪಕ್ಕಕ್ಕೆ ತಳ್ಳುತ್ತದೆ, ಓರೆಯಾದರೆ ಹಿಂದಿನಿಂದ ಸ್ವಲ್ಪ ನೂಕಿಯೂ ಕೊಡುತ್ತದೆ. ಬರುವಾಗ ಮಾತ್ರ ಅದೇ ಕಡವಿಗೆ ಬೇರೆ ಸಾಲು ಬೇಕು, ಅದನ್ನು ಬೇರೆಯಾಗಿಯೇ ಹುಡುಕಿ ಇಟ್ಟುಕೊಂಡಿರಬೇಕು. ಕೆಂಪು ಮರಳುಗಲ್ಲಿನ ಹಾಸುಬಂಡೆ ಬಂದರೆ ಮತ್ತೊಂದು ಕ್ರಮ. ಪಾಚಿಯ ಮೇಲೆ ಹ್ಯಾಂಡಲು ತಿರುಗಿಸಬಾರದು, ಬ್ರೇಕು ಮುಟ್ಟಬಾರದು, ತುಳಿತದ ಒತ್ತಡವನ್ನು ಹೆಚ್ಚೂ ಮಾಡಬಾರದು ಕಡಿಮೆಯೂ ಮಾಡಬಾರದು. ಶರ್ಯತ್ತಿನ ಹಿಂದಿನ ದಿನ ಕೋಲು ಹಿಡಿದು ಆರೂ ಕಡವುಗಳನ್ನು ನಡೆದು ನೋಡುತ್ತಿದ್ದೆ. ಒಂದು ವರ್ಷ ಹಾಗೆ ನೋಡಿ ಬಂದ ರಾತ್ರಿಯೇ ಮೇಲಿನಿಂದ ಕುಡಿಯುವ ನೀರಿಗೆಂದು ಹೊಳೆಗೆ ನೀರು ಬಿಟ್ಟಿದ್ದರಿಂದ ಬೆಳಿಗ್ಗೆ ಎಲ್ಲ ಕಡವುಗಳೂ ಒಂದು ಗೇಣು ಏರಿದ್ದವು, ಆ ವರ್ಷ ನಾನೂ ಎಲ್ಲರಂತೆ ಹೊತ್ತೆ.

ಎಲ್ಲವೂ ಕೂಡಿಬಂದದ್ದು 1989ರಲ್ಲೋ 1990ರಲ್ಲೋ. ಹೊರಟಾಗ ಡಾಂಬರಿನ ಮೇಲೆ ಹದಿನೈದು ಮಂದಿ ನನ್ನನ್ನು ಹಿಂದೆ ಹಾಕಿದರು. ಮೊದಲ ಎರಡು ಕಡವುಗಳಲ್ಲಿ ಅರ್ಧದಷ್ಟು ಮಂದಿಯನ್ನು ಹಿಡಿದೆ. ನಾಲ್ಕನೆಯ ಕಡವಿಗೆ ಬಂದಾಗ ಮುಂದೆ ಇಬ್ಬರೇ ಇದ್ದರು, ಒಬ್ಬ ಆಗಲೇ ಆಚೆ ದಡ ಹತ್ತುತ್ತಿದ್ದ, ಇನ್ನೊಬ್ಬ ಹೊಳೆಯ ನಡುವೆ. ಅವನ ಸೈಕಲ್ಲು ಬಲ ಹೆಗಲ ಮೇಲಿತ್ತು, ಪೆಡಲು ಪಕ್ಕೆಲುಬಿಗೆ ಬಡಿಯುತ್ತಿತ್ತು, ಪ್ರತಿ ಹೆಜ್ಜೆಗೂ ಅವನು ಕಾಲನ್ನು ಉಸುಕಿನಿಂದ ಕಿತ್ತು ತೆಗೆಯುತ್ತಿದ್ದ. ನಾನು ಅವನಿಂದ ಹತ್ತು ಮಾರು ಮೇಲಕ್ಕೆ ಇಳಿದು, ಬಂಡೆಯನ್ನು ದಾಟಿ, ಹರಳುಗಲ್ಲಿನ ಸಾಲನ್ನು ಹಿಡಿದೆ. ನೀರು ಹಬ್ಬಿನವರೆಗೆ ಬಂತು. ಪೆಡಲು ಕೆಳಗೆ ಹೋದಾಗಲೆಲ್ಲ ಪಾದ ಮುಳುಗಿ ಏಳುತ್ತಿತ್ತು, ಗಾಲಿಯ ಕೆಳಗೆ ಹರಳುಗಳು ಸರಿಯುವುದು ಸೀಟಿನ ಮೂಲಕ ತಿಳಿಯುತ್ತಿತ್ತು. ಪಕ್ಕದಲ್ಲಿಯೇ ದಾಟಿ ಹೋದಾಗ ಅವನು ನಿಂತು ನೋಡಿದ. ಆರನೆಯ ಕಡವಿನಲ್ಲಿ ಮೊದಲನೆಯವನನ್ನು ಹಿಂದೆ ಹಾಕಿದೆ, ಎರಡು ನಿಮಿಷಕ್ಕಿಂತ ಹೆಚ್ಚಿನ ಅಂತರದಿಂದ ಗೆದ್ದೆ. ಆ ಶರ್ಯತ್ತಿನಲ್ಲಿ ಅಷ್ಟು ಅಂತರ ಅದಕ್ಕೂ ಮೊದಲು ಯಾರಿಗೂ ಸಿಕ್ಕಿರಲಿಲ್ಲ.

ಕೂಡಲೇ ತಕರಾರು ಎದ್ದಿತು. ಹೊಳೆಯಲ್ಲಿ ಹೊರುವುದೇ ಶರ್ಯತ್ತಿನ ರೀತಿ, ಇದು ಹೊಳೆ ದಾಟಿದಂತಲ್ಲ ಎಂದು ಕೆಲವರು ತೀರ್ಪು ಕೊಡುವ ಪಂಚರ ಮುಂದೆ ಹಟ ಹಿಡಿದರು. ಕಡವಿನ ಎರಡು ನಿಶಾನೆಗಳ ನಡುವೆ ದಾಟಬೇಕು ಎಂದಷ್ಟೇ ನಿಯಮದಲ್ಲಿತ್ತು, ಹೇಗೆ ದಾಟಬೇಕೆಂದು ಇರಲಿಲ್ಲ. ಅಂಗಡಿಯ ಮುಂದೆ ನನ್ನ ಮಾತನ್ನು ತೆಗೆದುಹಾಕಿದ್ದ ಆ ಹಿರಿಯರೇ ಪಂಚರಲ್ಲಿ ಒಬ್ಬರಾಗಿದ್ದರು. ನಿಶಾನೆಯ ಬಳಿ ತಾವೇ ನಿಂತು ನೋಡಿದ್ದಾಗಿ ಹೇಳಿ ನನ್ನ ಪರವಾಗಿ ತೀರ್ಮಾನ ಕೊಟ್ಟರು. ಅದು ನನಗೆ ಢಾಲಿಗಿಂತ ದೊಡ್ಡದಾಗಿ ಕಂಡಿತು.

ಹಣದ ಲೆಕ್ಕವನ್ನೂ ಹೇಳಬೇಕು. ಆಗ ನಮ್ಮ ಕಡೆ ದಿನದ ಕೂಲಿ ಹತ್ತು ಹನ್ನೆರಡು ರೂಪಾಯಿ, ನನ್ನ ಅಂಗಡಿಯ ಬಾಡಿಗೆ ಸೈಕಲ್ಲಿಗೆ ಗಂಟೆಗೆ ಐವತ್ತು ಪೈಸೆ. ಹಳೆಯ ಸೈಕಲ್ಲಿಗೆ ಮುನ್ನೂರೈವತ್ತು ಕೊಟ್ಟಿದ್ದೆ. ಫ್ರೀವೀಲುಗಳು, ಟೈರು ಟ್ಯೂಬುಗಳು, ಎರಡು ಸಲ ಬಾಟಮ್ ಬ್ರಾಕೆಟ್ಟು, ಲೇತಿನ ಕೆಲಸ, ಪ್ರವೇಶ ಶುಲ್ಕ ಎಲ್ಲ ಸೇರಿ ಆ ವರ್ಷಗಳಲ್ಲಿ ಎರಡೂವರೆ ಸಾವಿರಕ್ಕೆ ಕಡಿಮೆಯಿಲ್ಲದೆ ಹೋಗಿದೆ. ಒಂದು ವರ್ಷ ಹೋತವೊಂದನ್ನು ಮಾರಿ ಟೈರಿನ ಸಾಲ ತೀರಿಸಿದ್ದೆ. ಮೊದಲ ಬಹುಮಾನ ಒಂದು ಸಾವಿರದ ಒಂದು ರೂ. ಮತ್ತು ಢಾಲು. ಮುಂದಿನ ಎರಡು ಮೂರು ಗೆಲುವುಗಳಿಂದ ಅಸಲು ಬಂತು. ನಿಜವಾದ ಲಾಭ ಅಂಗಡಿಗೆ ಆಯಿತು: ಹೊಳೆಗೆ ಸೈಕಲ್ಲು ತಯಾರು ಮಾಡಿಕೊಡಿ ಎಂದು ನನ್ನ ಎದುರಾಳಿಗಳೇ ಬರತೊಡಗಿದರು, ಒಂದಕ್ಕೆ ಎಪ್ಪತ್ತು ಎಂಬತ್ತು ರೂಪಾಯಿ ತೆಗೆದುಕೊಳ್ಳುತ್ತಿದ್ದೆ. 1990ರ ದಶಕದ ನಡುವಿನ ಹೊತ್ತಿಗೆ ಮುಂಚೂಣಿಯವರಲ್ಲಿ ಹೊರುವವರು ಯಾರೂ ಉಳಿದಿರಲಿಲ್ಲ.

ಶರ್ಯತ್ತನ್ನು ಕೊಂದದ್ದು ಉಸುಕಿನ ಟಿಪ್ಪರುಗಳು. ಆ ದಶಕದ ಕೊನೆಯಿಂದ ಕಡವುಗಳ ಪಕ್ಕದಲ್ಲಿಯೇ ಉಸುಕು ತೋಡಿ ಆಳೆತ್ತರದ ಗುಂಡಿಗಳಾದವು, ಮೇಲೆ ನೀರು ನಿಂತರೆ ಅವು ಕಾಣುವುದಿಲ್ಲ. ಗಾಡಿಗಳು ಕಡಿಮೆಯಾಗಿ ಜಾಡಿನ ಗಟ್ಟಿತನವೂ ಹೋಯಿತು. ಒಬ್ಬ ಹುಡುಗ ಸೈಕಲ್ಲಿನೊಂದಿಗೆ ಗುಂಡಿಗೆ ಇಳಿದು, ದಡದವರು ಎಳೆದುಕೊಂಡ ಮೇಲೆ, 2002ರಲ್ಲೋ 2003ರಲ್ಲೋ ಶರ್ಯತ್ತು ನಿಂತಿತು, ಮತ್ತೆ ಆಗಲಿಲ್ಲ. ನಿಲ್ಲಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ, ಆದರೆ ಉಸುಕನ್ನು ನಿಲ್ಲಿಸದೆ ಶರ್ಯತ್ತನ್ನು ಮಾತ್ರ ನಿಲ್ಲಿಸಿದ್ದು ಇಂದಿಗೂ ನೋವಾಗುತ್ತದೆ. 2009ರ ಮತ್ತು 2019ರ ಮಹಾಪೂರಗಳು ಹೊಳೆಯ ತಳವನ್ನು ಮತ್ತಷ್ಟು ಬದಲಿಸಿವೆ. ನಮ್ಮ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹುಡುಗರು ಈಗ ಕ್ರೀಡಾ ನಿಲಯಗಳಲ್ಲಿ ಕಲಿತು ರಾಷ್ಟ್ರಮಟ್ಟದಲ್ಲಿ ಪದಕ ಗೆಲ್ಲುತ್ತಾರೆ, ಅದು ನನಗೆ ಹೆಮ್ಮೆ. ಅವರಿಗೆ ಹೊಳೆಯ ಅಗತ್ಯವಿಲ್ಲ.

ಆದರೂ ಕೇಳುವ ಹುಡುಗರಿಗಾಗಿ ಹೋದ ಬೇಸಿಗೆಯ ಮೊದಲಲ್ಲಿ ಹಳೆಯ ಕಡವುಗಳನ್ನೆಲ್ಲ ಮತ್ತೆ ಕೋಲು ಹಿಡಿದು ನೋಡಿ ಬಂದೆ. ಹಾಸುಬಂಡೆಯಿರುವ ನಾಲ್ಕನೆಯ ಕಡವು ಮತ್ತು ಅದರ ಮೇಲಿನದು ಇನ್ನೂ ದಾಟುವಂತಿವೆ, ಏಕೆಂದರೆ ಬಂಡೆಯನ್ನು ಯಾವ ಟಿಪ್ಪರೂ ಹೊತ್ತುಕೊಂಡು ಹೋಗಲಾರದು. ಉಳಿದವುಗಳಲ್ಲಿ ಗುಂಡಿಗಳಿವೆ, ಅವುಗಳ ಹತ್ತಿರ ಹೋಗಬಾರದು. ದಪ್ಪ ಟೈರಿನ ಗೇರ್ ಸೈಕಲ್ಲಿನ ಇಬ್ಬರು ಹುಡುಗರನ್ನು ನಾಲ್ಕನೆಯದಕ್ಕೆ ಕರೆದುಕೊಂಡು ಹೋಗಿ, ಎಲ್ಲಿ ಇಳಿಯಬೇಕೆಂದು ತೋರಿಸಿದೆ. ಒಬ್ಬ ರಭಸದಿಂದ ನುಗ್ಗಿ ಎರಡು ಮಾರಿನಲ್ಲಿಯೇ ಕಾಲು ಊರಿದ. ಇನ್ನೊಬ್ಬ ನಿಧಾನವಾಗಿ, ಓರೆಯಾಗಿ, ತುಳಿತ ನಿಲ್ಲಿಸದೆ ಹೋದ, ಮೊದಲ ಸಲದಲ್ಲಿಯೇ ಆಚೆ ದಡ ಹತ್ತಿದ. ಮುಂದಿನ ಜಾತ್ರೆಗೆ ಈ ಎರಡೇ ಕಡವುಗಳನ್ನು ಸೇರಿಸಿ ಹದಿನೈದು ಕಿಲೋಮೀಟರಿನ ಸಣ್ಣ ಶರ್ಯತ್ತು ಮಾಡುವುದಾದರೆ, ಗುಂಡಿಗಳ ಕಡೆಗೆ ಹಗ್ಗ ಕಟ್ಟಿಸಿ, ಈಜು ಬಲ್ಲ ನಾಲ್ವರನ್ನು ದಡದಲ್ಲಿ ನಿಲ್ಲಿಸುವ ಜವಾಬ್ದಾರಿಯನ್ನು ಹೊರಲು ನಾನು ಸಿದ್ಧನಿದ್ದೇನೆ ಎಂದು ಊರ ಕಮಿಟಿಯವರಿಗೆ ಹೇಳಿದ್ದೇನೆ. ಹಗ್ಗ, ನಿಶಾನೆ, ಬಹುಮಾನ ಎಲ್ಲ ಸೇರಿ ನಲವತ್ತು ಸಾವಿರದೊಳಗೆ ಆಗುತ್ತದೆ ಎಂದು ನನ್ನ ಅಂದಾಜು.